ದಿಕ್ಕು ಮತ್ತು ಪಟ್ಟ: ಆಚಾರ್ಯಪದದ ಹಸ್ತಾಂತರದಲ್ಲಿ ವಸ್ತ್ರದ ಸಂಕೇತ

೧

ಧರ್ಮಗುರುವು ತನ್ನ ಸ್ಥಾನವನ್ನು ಶಿಷ್ಯನಿಗೆ ಒಪ್ಪಿಸುವ ಸಂದರ್ಭದಲ್ಲಿ ವಸ್ತ್ರಕ್ಕೆ ವಿಶೇಷವಾದ ಅರ್ಥವನ್ನು ಕಲ್ಪಿಸುವ ಪದ್ಧತಿ ಲೋಕದ ಹಲವು ಮತಗಳಲ್ಲಿದೆ. ಯೆಹೂದ್ಯರ ಪ್ರಾಚೀನ ಗ್ರಂಥದಲ್ಲಿ ಎಲೀಯನೆಂಬ ಪ್ರವಾದಿಯು ಹೊಲ ಉಳುತ್ತಿದ್ದ ಎಲೀಷನ ಮೇಲೆ ತನ್ನ ಹೊದಿಕೆಯನ್ನು ಹಾಕಿ ಅವನನ್ನು ಕರೆಯುತ್ತಾನೆ. ಗುರುವು ಸುಂಟರಗಾಳಿಯಲ್ಲಿ ಮೇಲೇರಿ ಹೋದಾಗ ಕೆಳಗೆ ಬಿದ್ದ ಅದೇ ಹೊದಿಕೆಯಿಂದ ಶಿಷ್ಯನು ಯೊರ್ದನ್ ನದಿಯ ನೀರನ್ನು ಬಡಿದು ದಾರಿ ಮಾಡಿಕೊಳ್ಳುತ್ತಾನೆ. ಪಾಲಿ ಸಂಯುತ್ತನಿಕಾಯದಲ್ಲಿ ಬುದ್ಧನು ಮಹಾಕಾಶ್ಯಪನ ಮೃದುವಾದ ಚೀವರವನ್ನು ತಾನು ತೆಗೆದುಕೊಂಡು, ತನ್ನ ಸವೆದ ಚಿಂದಿಯ ಚೀವರವನ್ನು ಅವನಿಗೆ ಕೊಡುವ ಪ್ರಸಂಗವಿದೆ. ಚೀನದ ಧ್ಯಾನಸಂಪ್ರದಾಯದಲ್ಲಿ ಐದನೆಯ ಗುರು ಹೊಂಗ್‌ರೆನ್ ರಾತ್ರಿಯ ವೇಳೆ ಗುಟ್ಟಾಗಿ ಹುಯಿನೆಂಗನಿಗೆ ಚೀವರವನ್ನು ಒಪ್ಪಿಸಿದನೆಂದೂ, ಆ ಚೀವರಕ್ಕಾಗಿ ಉಳಿದವರು ಅವನನ್ನು ಬೆನ್ನಟ್ಟಿದರೆಂದೂ ಕಥೆಯಿದೆ. ಈ ಮೂರೂ ಕಡೆಗಳಲ್ಲಿ ವಸ್ತ್ರವು ಗುರುವಿನ ಮೈಯಿಂದ ಶಿಷ್ಯನ ಮೈಗೆ ಬರುತ್ತದೆ. ಗುರುವಿನ ಮೈಯನ್ನು ಮುಟ್ಟಿದ ವಸ್ತುವು ಗುರುವಿನ ಅಧಿಕಾರವನ್ನೂ ಹೊತ್ತು ತರುತ್ತದೆಂಬ ಭಾವನೆ ಇದರ ಹಿಂದಿದೆ.

ಜೈನ ಪರಂಪರೆಯನ್ನು, ಅದರಲ್ಲೂ ದಿಗಂಬರ ಪರಂಪರೆಯನ್ನು, ಈ ಸಾಲಿನಲ್ಲಿ ಎಲ್ಲಿ ನಿಲ್ಲಿಸಬೇಕು? ಈ ವಿಷಯದಲ್ಲಿ ಎರಡು ಅಭಿಪ್ರಾಯಗಳು ಕೇಳಿಬರುತ್ತವೆ. ವಸ್ತ್ರವೇ ಇಲ್ಲದ ಪರಂಪರೆಯಲ್ಲಿ ವಸ್ತ್ರದ ಸಂಕೇತವನ್ನು ಹುಡುಕುವುದು ವ್ಯರ್ಥವೆಂಬುದು ಒಂದು. ಭಟ್ಟಾರಕ ಪೀಠಗಳ ಕಾವಿವಸ್ತ್ರವೇ ನಮ್ಮಲ್ಲಿ ಎಲೀಯನ ಹೊದಿಕೆಯ ಸ್ಥಾನವನ್ನು ಪಡೆದಿದೆಯೆಂಬುದು ಇನ್ನೊಂದು. ಗ್ರಂಥಗಳನ್ನು ಒತ್ತಟ್ಟಿಗಿಟ್ಟು ಓದಿದರೆ ಎರಡೂ ನಿಲ್ಲಲಾರವೆಂದು ಈ ಲೇಖಕನ ತಿಳಿವಳಿಕೆ. ನಮ್ಮ ಗ್ರಂಥಕಾರರು ವಸ್ತ್ರದ ಬಗೆಗೆ ತುಂಬ ಯೋಚಿಸಿದ್ದಾರೆ. ಆದರೆ ಅವರು ಕೇಳಿದ ಪ್ರಶ್ನೆ, ವಸ್ತ್ರವು ಯಾರಿಗೆ ಹೋಯಿತು ಎಂಬುದಕ್ಕಿಂತ ಹೆಚ್ಚಾಗಿ, ಅದು ಯಾರ ಕೈಯಿಂದ ಬಂದಿತು ಎಂಬುದು. ಆ ಪ್ರಶ್ನೆಯನ್ನು ಹಿಡಿದು ಕೆಲವು ಮುಖ್ಯ ಆಕರಗಳನ್ನು ಇಲ್ಲಿ ಪರಿಶೀಲಿಸಲಾಗಿದೆ.

೨

ಮೊದಲು ಶ್ವೇತಾಂಬರ ಆಗಮಗಳ ಸಾಕ್ಷ್ಯವನ್ನು ನೋಡೋಣ. ಭಗವಾನ್ ಮಹಾವೀರರು ದೀಕ್ಷೆಯ ಕಾಲದಲ್ಲಿ ಒಂದು ದೇವದೂಷ್ಯವನ್ನು ತಾಳಿದ್ದು, ಒಂದು ವರ್ಷ ಒಂದು ತಿಂಗಳು ಕಳೆದ ಮೇಲೆ ಅದನ್ನು ಬಿಟ್ಟು ಅಚೇಲಕರಾದರೆಂದು ಆಚಾರಾಂಗವೂ ಕಲ್ಪಸೂತ್ರವೂ ಹೇಳುತ್ತವೆ. ದೀಕ್ಷೆಯ ಕ್ಷಣದಿಂದಲೇ ಭಗವಂತರು ಜಾತರೂಪಧರರೆಂಬ ದಿಗಂಬರ ಸಂಪ್ರದಾಯಕ್ಕೆ ಇದು ಸಮ್ಮತವಲ್ಲವೆಂಬುದು ಸುವಿದಿತ. ಆ ವಿವಾದವನ್ನು ಇಲ್ಲಿ ಎತ್ತಬೇಕಾಗಿಲ್ಲ. ಗಮನಿಸಬೇಕಾದುದು ಆಚಾರಾಂಗದ ಪ್ರಥಮ ಶ್ರುತಸ್ಕಂಧದ ಉಪಧಾನಶ್ರುತವು ಆ ವಸ್ತ್ರಕ್ಕೆ ಕೊಡುವ ಕಾರಣವನ್ನು. ಚಳಿಗಾಲದಲ್ಲಿ ಮೈ ಮುಚ್ಚಿಕೊಳ್ಳುವುದಕ್ಕೆ ಅದನ್ನು ಬಳಸಲಾರೆನೆಂದು ಭಗವಂತರು ನಿಶ್ಚಯಿಸಿದ್ದರೆಂದೂ, ಅದನ್ನು ತಾಳಿದ್ದು ‘ಅನುಧಾರ್ಮಿಕ’ವೆಂದೂ, ಅಂದರೆ ಹಿಂದಿನ ತೀರ್ಥಂಕರರ ನಡೆಗೆ ಅನುಸಾರವೆಂದೂ ಅಲ್ಲಿ ಹೇಳಿದೆ.

ಈ ಒಂದು ಪದ ಬಹಳ ಮಹತ್ವದ್ದು. ಉಪಯೋಗವನ್ನು ಕಳೆದು ನೋಡಿದರೆ ಆ ವಸ್ತ್ರದಲ್ಲಿ ಉಳಿಯುವುದು ಪೂರ್ವಪರಂಪರೆಯ ಸಂಬಂಧವೊಂದೇ. ವಸ್ತ್ರವು ಪರಂಪರೆಯ ಸಂಕೇತವಾಗಿರುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಜೈನ ಆಗಮಗಳಲ್ಲಿ ದೊರೆಯದು. ಹೀಗಿದ್ದೂ ಆ ವಸ್ತ್ರವು ಮುಂದಕ್ಕೆ ಸಾಗಲಿಲ್ಲ. ಭಗವಂತರಿಗೆ ಕೇವಲಜ್ಞಾನವಾಗಿ ಸಂಘವು ಸ್ಥಾಪಿತವಾದದ್ದು ದೀಕ್ಷೆಯಿಂದ ೧೨ ವರ್ಷಗಳಿಗೂ ಮೇಲೆ. ಅಷ್ಟು ಹೊತ್ತಿಗೆ ದೇವದೂಷ್ಯವು ಇರಲೇ ಇಲ್ಲ. ಅದರ ಅರ್ಧವನ್ನು ಬಡ ಬ್ರಾಹ್ಮಣನೊಬ್ಬನಿಗೆ ಕೊಟ್ಟರೆಂದೂ, ಉಳಿದರ್ಧವು ಮುಳ್ಳಿಗೆ ಸಿಕ್ಕಿಕೊಂಡಿತೆಂದೂ ಕಲ್ಪಸೂತ್ರದ ವ್ಯಾಖ್ಯಾನಗಳು ಕಥೆ ಹೇಳುತ್ತವೆ. ಇಂದ್ರಭೂತಿ ಗೌತಮರಿಗಾಗಲಿ, ಗಣವನ್ನು ಮುಂದೆ ನಡೆಸಿದ ಸುಧರ್ಮಸ್ವಾಮಿಗಳಿಗಾಗಲಿ ಅದರ ಒಂದು ನೂಲೂ ತಲಪಲಿಲ್ಲ. ಬುದ್ಧನ ಚೀವರವನ್ನು ಕಾಶ್ಯಪನು ಕಾಯ್ದುಕೊಂಡದ್ದಕ್ಕೂ, ಮಹಾವೀರರ ದೇವದೂಷ್ಯವು ಬಡವನ ಕೈಯಲ್ಲೂ ಮುಳ್ಳಿನ ಕೊನೆಯಲ್ಲೂ ಮುಗಿದುಹೋದದ್ದಕ್ಕೂ ಇರುವ ಅಂತರವು ಆಕಸ್ಮಿಕವಲ್ಲ. ವಸ್ತ್ರವನ್ನು ಒಪ್ಪುವ ಆಗಮವೇ ಅದನ್ನು ಅಧಿಕಾರದ ಕುರುಹಾಗಿ ಉಳಿಸಿಕೊಳ್ಳಲು ಒಪ್ಪಲಿಲ್ಲ.

ಇದಕ್ಕೆ ಪ್ರತಿಯಾದ ನಿದರ್ಶನವೊಂದನ್ನು ಮುಚ್ಚಿಡಬಾರದು. ಶ್ವೇತಾಂಬರ ಮುನಿಗಳಿಗೆ ವಸ್ತ್ರವು ಧರ್ಮೋಪಕರಣವಾದುದರಿಂದ, ಗುರುವು ಅದನ್ನು ಶಿಷ್ಯನಿಗೆ ಹೊದಿಸುವುದರಲ್ಲಿ ಅಲ್ಲಿ ವಿರೋಧವಿಲ್ಲ. ೧೭೬೦ರಲ್ಲಿ ಆಚಾರ್ಯ ಭಿಕ್ಷುಗಳಿಂದ ಆರಂಭವಾದ ತೇರಾಪಂಥದಲ್ಲಿ ಆಚಾರ್ಯರು ತಮ್ಮ ‘ಪಛೇವಡಿ’ಯನ್ನು, ಎಂದರೆ ಮೇಲ್ಹೊದಿಕೆಯನ್ನು, ಹೊದಿಸಿ ಯುವಾಚಾರ್ಯರನ್ನು ಗುರುತಿಸುವ ಪದ್ಧತಿಯಿದೆ. ಆಚಾರ್ಯ ತುಲಸಿಯವರು ೧೯೭೯ರಲ್ಲಿ ಮಹಾಪ್ರಜ್ಞರನ್ನು ಯುವಾಚಾರ್ಯರನ್ನಾಗಿ ಘೋಷಿಸಿ, ೧೯೯೪ರಲ್ಲಿ ತಾವು ಬದುಕಿರುವಾಗಲೇ ಆಚಾರ್ಯಪದವನ್ನು ಅವರಿಗೆ ಬಿಟ್ಟುಕೊಟ್ಟರು. ಆ ಬಿಳಿಯ ಹೊದಿಕೆಯು ಸಂಘದ ಬೇರೆ ಸಾಧುಗಳ ಹೊದಿಕೆಗಿಂತ ಭಿನ್ನವಾದುದಲ್ಲ. ಗುರುವಿನ ಹೆಗಲಿನ ಮೇಲಿದ್ದುದೆಂಬುದೊಂದೇ ಅದರ ವಿಶೇಷ. ಜೈನ ಸಂಘದಲ್ಲಿ ಕಾಶ್ಯಪನ ಚೀವರಕ್ಕೆ ಹತ್ತಿರವಾದುದು ಇದು. ಆದರೆ ಇದು ಈಚಿನದು, ಒಂದು ಸಂಘಕ್ಕೆ ಸೇರಿದುದು. ಪ್ರಾಚೀನ ಕಥೆಗಳ ನಿಲುವು ಬೇರೆ.

೩

ವಸ್ತ್ರವನ್ನು ಕುರಿತ ಪ್ರಾಚೀನ ಕಥೆಗಳಲ್ಲಿ ಎರಡು ಬಹು ಪ್ರಸಿದ್ಧವಾಗಿವೆ. ಎರಡೂ ಸಂಘಭೇದವನ್ನು ವಿವರಿಸಲು ಹುಟ್ಟಿದವು, ಒಂದು ಪಕ್ಷವು ಇನ್ನೊಂದನ್ನು ದೂಷಿಸಲು ಹೇಳಿದವು. ಹಾಗಾಗಿ ಇತಿಹಾಸದ ಪ್ರಮಾಣವಾಗಿ ಇವನ್ನು ಎಚ್ಚರದಿಂದ ಬಳಸಬೇಕು. ಆದರೆ ಸಂಕೇತಗಳ ಅಧ್ಯಯನಕ್ಕೆ ಇವುಗಳ ಬೆಲೆ ಕಡಿಮೆಯಾಗುವುದಿಲ್ಲ.

ಆವಶ್ಯಕ ವಾಙ್ಮಯದಲ್ಲಿ ಬರುವ ಶಿವಭೂತಿಯ ಕಥೆ ಮೊದಲನೆಯದು. ವೀರನಿರ್ವಾಣದ ೬೦೯ನೆಯ ವರ್ಷದಲ್ಲಿ ರಥವೀರಪುರದಲ್ಲಿ ನಡೆದುದೆಂದು ಅದನ್ನು ಹೇಳುತ್ತಾರೆ. ದೀಕ್ಷೆ ಪಡೆದಿದ್ದ ಶಿವಭೂತಿಗೆ ರಾಜನು ಬೆಲೆಯುಳ್ಳ ರತ್ನಕಂಬಳವೊಂದನ್ನು ಕೊಡುತ್ತಾನೆ. ಮುನಿಗೆ ಇದರಿಂದ ಏನೆಂದು ಗುರುಗಳಾದ ಆರ್ಯಕೃಷ್ಣರು ಕೇಳಿ, ಅವನಿಲ್ಲದ ವೇಳೆಯಲ್ಲಿ ಅದನ್ನು ಹರಿದು ಸಾಧುಗಳಿಗೆ ಕೂರುವ ತುಂಡುಗಳನ್ನಾಗಿ ಮಾಡುತ್ತಾರೆ. ಮನಸ್ಸು ಕದಡಿದ ಶಿವಭೂತಿಯು ಮುಂದೆ ಜಿನಕಲ್ಪದ ವರ್ಣನೆಯನ್ನು ಕೇಳಿ, ಈಗೇಕೆ ಅದನ್ನು ಆಚರಿಸಬಾರದೆಂದು ವಾದಿಸಿ, ಇದ್ದ ವಸ್ತ್ರವನ್ನೂ ಬಿಟ್ಟು ಹೊರಡುತ್ತಾನೆ. ಬೋಟಿಕರ ಉತ್ಪತ್ತಿ ಹೀಗೆಂದು ಶ್ವೇತಾಂಬರರ ಹೇಳಿಕೆ.

ಹರಿಷೇಣಾಚಾರ್ಯರು ೯೩೧ರ ಸುಮಾರಿನಲ್ಲಿ ರಚಿಸಿದ ಬೃಹತ್ಕಥಾಕೋಶದ ಭದ್ರಬಾಹು ಕಥೆ ಎರಡನೆಯದು. ಕ್ಷಾಮಕಾಲದಲ್ಲಿ ಉತ್ತರದಲ್ಲೇ ಉಳಿದ ಮುನಿಗಳು ಶ್ರಾವಕರ ಪ್ರಾರ್ಥನೆಯಂತೆ ಎಡಭಾಗವನ್ನು ಅರ್ಧವಸ್ತ್ರದಿಂದ ಮರೆಮಾಡಿಕೊಂಡು ಅರ್ಧಫಾಲಕರಾದರು. ಮುಂದೆ ವಲಭಿಯಲ್ಲಿ ಇವರನ್ನು ಕಂಡ ರಾಜನು, ನಗ್ನರಾಗಿಯಾದರೂ ಇರಿ, ಪೂರ್ತಿಯಾಗಿ ವಸ್ತ್ರವನ್ನಾದರೂ ಉಡಿ ಎಂಬ ಕಟ್ಟಳೆಯಿಟ್ಟನು. ಅಲ್ಲಿಂದ ಕಂಬಳತೀರ್ಥವು ಹುಟ್ಟಿತೆಂದು ಕಥೆ. ಮಥುರೆಯ ಕಂಕಾಲಿ ದಿಬ್ಬದಲ್ಲಿ ದೊರೆತ ಕುಷಾಣಕಾಲದ ಶಿಲ್ಪಗಳಲ್ಲಿ ಎಡಗೈಯ ಮೇಲೆ ಬಟ್ಟೆಯ ತುಂಡನ್ನು ಇಳಿಬಿಟ್ಟ ನಗ್ನ ಮುನಿಗಳು ಕಾಣುವುದರಿಂದ, ಅರ್ಧಫಾಲಕರು ಕೇವಲ ಕಲ್ಪನೆಯ ವ್ಯಕ್ತಿಗಳಲ್ಲವೆಂಬುದು ಸಿದ್ಧವಾಗಿದೆ.

ಈ ಎರಡು ಕಥೆಗಳು ಪರಸ್ಪರ ವಿರುದ್ಧವಾದ ಪಕ್ಷಗಳವು. ಒಂದರಲ್ಲಿ ದೋಷವು ವಸ್ತ್ರತ್ಯಾಗದಲ್ಲಿದೆ, ಇನ್ನೊಂದರಲ್ಲಿ ವಸ್ತ್ರಗ್ರಹಣದಲ್ಲಿದೆ. ಆದರೂ ಒಂದು ಅಂಶದಲ್ಲಿ ಎರಡೂ ಒಂದಾಗುತ್ತವೆ: ಎರಡರಲ್ಲೂ ತೊಡಕನ್ನು ತರುವ ವಸ್ತ್ರವು ರಾಜದ್ವಾರದಿಂದ ಬರುತ್ತದೆ. ರತ್ನಕಂಬಳವನ್ನು ಕೊಟ್ಟವನು ರಾಜ; ಪೂರ್ಣವಸ್ತ್ರವನ್ನು ಉಡಿಸಿದವನೂ ರಾಜ. ಅರ್ಧವಸ್ತ್ರವನ್ನು ಬೇಡಿ ಉಡಿಸಿದವರು ಶ್ರಾವಕರು. ಗುರುವು ಶಿಷ್ಯನಿಗೆ ವಸ್ತ್ರವನ್ನು ಕೊಟ್ಟ ಸಂದರ್ಭ ಎರಡು ಕಥೆಗಳಲ್ಲೂ ಇಲ್ಲ. ಶಿವಭೂತಿಯ ಕಥೆಯಲ್ಲಂತೂ ಗುರುವಿನ ಕೈ ವಸ್ತ್ರವನ್ನು ಮುಟ್ಟುವುದು ಅದನ್ನು ಹರಿಯುವುದಕ್ಕೆ. ಜಗಳವಾಡಿದ ಎರಡು ಪಕ್ಷಗಳೂ ತಿಳಿಯದೆಯೇ ಒಪ್ಪಿಕೊಂಡ ಈ ಮಾತು ನಮ್ಮ ವಿಷಯಕ್ಕೆ ಕೀಲಿಕೈಯಂತಿದೆ.

೪

ಹಾಗಾದರೆ ಗುರುವು ಶಿಷ್ಯನಿಗೆ ಕೊಡುವುದೇನು? ಇದಕ್ಕೆ ವಿಸ್ತಾರವಾದ ಉತ್ತರವನ್ನು ಕೊಡುವ ಗ್ರಂಥ ಶಿವಾರ್ಯರ ಭಗವತೀ ಆರಾಧನೆ. ಎರಡು ಸಾವಿರಕ್ಕೂ ಹೆಚ್ಚು ಗಾಹೆಗಳ ಈ ಶೌರಸೇನೀ ಪ್ರಾಕೃತ ಗ್ರಂಥವು ಯಾಪನೀಯ ಪರಂಪರೆಯದೆಂದು ಹಲವು ವಿದ್ವಾಂಸರ ಮತ. ಅಪರಾಜಿತಸೂರಿಗಳ ವಿಜಯೋದಯಾ ವ್ಯಾಖ್ಯಾನವೂ ಪಂಡಿತ ಆಶಾಧರರ ಮೂಲಾರಾಧನಾದರ್ಪಣವೂ ಇದಕ್ಕೆ ಇವೆ. ಸಲ್ಲೇಖನದ ಗ್ರಂಥವೆಂದೇ ಇದನ್ನು ಓದುವುದು ರೂಢಿ. ಆದರೆ ಸಲ್ಲೇಖನಕ್ಕೆ ಹೊರಡುವವನು ಆಚಾರ್ಯನಾಗಿದ್ದರೆ ಗಣವನ್ನು ಏನು ಮಾಡಬೇಕೆಂಬ ಪ್ರಶ್ನೆಯನ್ನು ಇದು ಅಷ್ಟೇ ಗಂಭೀರವಾಗಿ ಎತ್ತಿಕೊಂಡಿದೆ.

ಅಧಿಕಾರಗಳ ಕ್ರಮವನ್ನು ನೋಡಬೇಕು. ಮೊದಲ ಭಾಗದಲ್ಲಿ ಉಪಧಿತ್ಯಾಗ, ಎಂದರೆ ಇಟ್ಟುಕೊಂಡ ಪರಿಕರಗಳನ್ನು ಬಿಡುವುದು. ಕೆಲವು ಅಧಿಕಾರಗಳ ಮೇಲೆ ‘ದಿಸಾ’, ಆಮೇಲೆ ‘ಖಾಮಣಾ’, ‘ಅಣುಸಿಟ್ಠಿ’, ‘ಪರಗಣಚರಿಯಾ’. ಪರಿಕರಗಳನ್ನು ಬಿಡುವ ಮಾತು ಮುಗಿದ ಮೇಲೆ ಪದವನ್ನು ಒಪ್ಪಿಸುವ ಮಾತು ಬರುತ್ತದೆ. ಹೀಗಾಗಿ ಒಪ್ಪಿಸುವ ಹೊತ್ತಿಗೆ ಆಚಾರ್ಯನ ಕೈಯಲ್ಲಿ ಕೊಡಬಹುದಾದ ವಸ್ತುವೇ ಉಳಿದಿರುವುದಿಲ್ಲ. ಈ ಕ್ರಮವು ಬುದ್ಧಿಪೂರ್ವಕವಾದುದೆಂದು ನನಗೆ ತೋರುತ್ತದೆ.

ದಿಸಾ ಅಧಿಕಾರದಲ್ಲಿ ಬರುವ ವಿಧಿ ಬಹಳ ಸರಳ. ಆಚಾರ್ಯನು ತನ್ನ ಆಯುಷ್ಯದ ಅವಧಿಯನ್ನು ಊಹಿಸಿಕೊಂಡು, ಒಳ್ಳೆಯ ತಿಥಿ ಕರಣ ನಕ್ಷತ್ರ ಲಗ್ನಗಳಲ್ಲಿ, ಮಂಗಳವಾದ ಎಡೆಯಲ್ಲಿ, ಇಡೀ ಗಣವನ್ನೂ ತನ್ನ ನಂತರದವನನ್ನೂ ಕರೆಸುತ್ತಾನೆ. ಗುಣದಲ್ಲಿ ತನಗೆ ಸಮಾನನಾದವನನ್ನು ನೋಡಿ ಆರಿಸಿರುತ್ತಾನೆ. ಸ್ವಲ್ಪವೇ ಮಾತಿನಲ್ಲಿ ಗಣವನ್ನು ಅವನಲ್ಲಿ ಬಿಡುತ್ತಾನೆ. ತೀರ್ಥವು ಕಡಿಯದಿರಲೆಂಬುದೊಂದೇ ಇದರ ಉದ್ದೇಶ. ಗಣಕ್ಕೆ ಅವನನ್ನು ತೋರಿಸುವಾಗ ಬಳಸುವ ಪದ ‘ದಿಸಾ’: ಇನ್ನು ಮೇಲೆ ನಿಮ್ಮ ದಿಕ್ಕು ಈತನೆಂದು ತಿಳಿಸುತ್ತಾನೆ. ನಿಯೋಜಿತನಾದ ಉತ್ತರಾಧಿಕಾರಿಗೆ ಈ ಗ್ರಂಥದಲ್ಲಿರುವ ಹೆಸರೂ ‘ಅಣುದಿಸ’ ಎಂದೇ. ವ್ಯಾಖ್ಯಾನಕಾರರು ಇದನ್ನು ಏಲಾಚಾರ್ಯನೆಂದು ವಿವರಿಸುತ್ತಾರೆ. ಹೊದಿಸುವುದಿಲ್ಲ, ಉಡಿಸುವುದಿಲ್ಲ, ಕಟ್ಟುವುದಿಲ್ಲ. ಬೆರಳೆತ್ತಿ ತೋರಿಸುವುದೇ ವಿಧಿ.

ಕನ್ನಡಿಗರಾದ ನಮಗೆ ಈ ಪದದಲ್ಲಿ ಒಂದು ಹೆಚ್ಚಿನ ಧ್ವನಿ ಕೇಳಿಸುತ್ತದೆ. ಕನ್ನಡದಲ್ಲಿ ‘ದಿಕ್ಕು’ ಎಂದರೆ ಮೂಡಣ ಪಡುವಣಗಳು ಮಾತ್ರವಲ್ಲ, ಆಸರೆಯೂ ಹೌದು. ‘ನನಗಾರು ದಿಕ್ಕು’ ಎನ್ನುತ್ತೇವೆ. ಅನಾಥನನ್ನು ‘ದಿಕ್ಕಿಲ್ಲದವನು’ ಎನ್ನುತ್ತೇವೆ. ಗುರುವನ್ನು ಕಳೆದುಕೊಳ್ಳಲಿರುವ ಗಣಕ್ಕೆ ದಿಕ್ಕನ್ನು ತೋರಿಸುವುದೆಂದರೆ ದಾರಿಯನ್ನೂ ಆಸರೆಯನ್ನೂ ಒಮ್ಮೆಗೇ ತೋರಿಸಿದಂತೆ. ಪ್ರಾಕೃತ ಗಾಹೆಯ ಅರ್ಥವನ್ನು ಕನ್ನಡದ ಈ ನುಡಿಗಟ್ಟು ಸಂಸ್ಕೃತ ಛಾಯೆಗಿಂತ ಚೆನ್ನಾಗಿ ಹಿಡಿದುಕೊಡುತ್ತದೆ. ದಿಕ್ಕುಗಳನ್ನೇ ಉಡುಗೆಯಾಗಿ ಉಳ್ಳವನು ದಿಗಂಬರ. ಅಂಥವನು ತನ್ನ ಸ್ಥಾನವನ್ನು ಬಿಡುವಾಗ ಕೊಡುವುದೂ ದಿಕ್ಕನ್ನೇ. ಶಿವಾರ್ಯರು ಈ ಶ್ಲೇಷೆಯನ್ನು ಉದ್ದೇಶಿಸಿದ್ದರೆಂದು ನಾನು ವಾದಿಸುವುದಿಲ್ಲ. ‘ದಿಗಂಬರ’ವೆಂಬ ಹೆಸರಿನಲ್ಲಿ ನಾವು ಸಾಮಾನ್ಯವಾಗಿ ಇಲ್ಲದಿರುವ ಅಂಬರವನ್ನು ಮಾತ್ರ ಕಾಣುತ್ತೇವೆ, ಇರುವ ದಿಕ್ಕನ್ನು ಮರೆಯುತ್ತೇವೆ ಎಂಬುದಷ್ಟೇ ನನ್ನ ಸೂಚನೆ.

ಮುಂದಿನ ಅಧಿಕಾರಗಳು ಇದರ ಅರ್ಥವನ್ನು ಪೂರ್ಣಗೊಳಿಸುತ್ತವೆ. ಆಚಾರ್ಯನು ಗಣದ ಕ್ಷಮೆ ಬೇಡುತ್ತಾನೆ. ಮಮತೆಯಿಂದಲೋ ಬೇರೆ ಕಾರಣದಿಂದಲೋ ಆಡಿದ ಬಿರುನುಡಿಗಳನ್ನು ಮನ್ನಿಸಿರೆನ್ನುತ್ತಾನೆ. ಅನುಶಿಷ್ಟಿಯಲ್ಲಿ ಹೊಸ ಆಚಾರ್ಯನಿಗೆ ಹೇಳುವ ಬುದ್ಧಿಮಾತಿನಲ್ಲಿ ಎರಡು ಹೋಲಿಕೆಗಳು ಮರೆಯಲಾಗದವು. ನಿನ್ನ ನಡೆ ಬೆಕ್ಕಿನ ಕೂಗಿನಂತೆ ಮೊದಲು ಜೋರಾಗಿ ಬರಬರುತ್ತ ಸಣ್ಣದಾಗಬಾರದು. ಹುಟ್ಟುವಲ್ಲಿ ಕಿರಿದಾಗಿ ಕಡಲಿನವರೆಗೂ ಹಿಗ್ಗುತ್ತ ಹೋಗುವ ಹೊಳೆಯಂತೆ ಇರಬೇಕು. ಇದಾದ ಮೇಲೆ ಹಳೆಯ ಆಚಾರ್ಯನು ಸ್ವಂತ ಗಣದಲ್ಲಿ ನಿಲ್ಲದೆ ಪರಗಣಕ್ಕೆ ಹೋಗುತ್ತಾನೆ. ನಿಂತರೆ ತನ್ನ ಆಜ್ಞೆಯನ್ನು ಮೀರಿದವರ ಮೇಲೆ ಕೋಪ ಬಂದೀತು, ಎಳೆಯರ ಮೇಲೆ ಸ್ನೇಹ ಉಕ್ಕೀತು, ಧ್ಯಾನಕ್ಕೆ ವಿಘ್ನವಾದೀತು ಎಂದು ಕಾರಣಗಳನ್ನು ಎಣಿಸಿದೆ. ಎಲೀಯನ ಕಥೆಯಲ್ಲಿ ಗುರು ಹೋದ ಮೇಲೂ ಹೊದಿಕೆ ಉಳಿಯುತ್ತದೆ. ಇಲ್ಲಿ ಗುರು ಬದುಕಿರುವಾಗಲೇ ತನ್ನ ನೆರಳನ್ನೂ ಗಣದಿಂದ ತೆಗೆದುಬಿಡುತ್ತಾನೆ.

ಇದು ಗ್ರಂಥದಲ್ಲೇ ಉಳಿದ ವಿಧಿಯಲ್ಲ. ೧೯೫೫ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನದಲ್ಲಿದ್ದ ಆಚಾರ್ಯ ಶಾಂತಿಸಾಗರರು ತಮ್ಮ ಪದವನ್ನು ದೂರದ ಜೈಪುರದಲ್ಲಿದ್ದ ಶಿಷ್ಯ ವೀರಸಾಗರರಿಗೆ ಸಂದೇಶದ ಮೂಲಕವೇ ಒಪ್ಪಿಸಿದರು. ೧೯೭೨ರ ನವೆಂಬರಿನಲ್ಲಿ ನಸೀರಾಬಾದಿನಲ್ಲಿ ಆಚಾರ್ಯ ಜ್ಞಾನಸಾಗರರು ಬೆಳಗಾವಿ ಜಿಲ್ಲೆಯ 
ಸದಲಗಾದ ವಿದ್ಯಾಸಾಗರರಿಗೆ ಆಚಾರ್ಯಪದವನ್ನು ಕೊಟ್ಟು, ತಾವು ಆಸನದಿಂದ ಕೆಳಗಿಳಿದು, ಹೊಸ ಆಚಾರ್ಯರನ್ನೇ ತಮ್ಮ ಸಲ್ಲೇಖನದ ನಿರ್ಯಾಪಕರಾಗಿರುವಂತೆ ಬೇಡಿಕೊಂಡರು. ಪರಗಣಕ್ಕೆ ಹೋಗಲು ಶಕ್ತಿಯಿಲ್ಲದ ವೃದ್ಧ ಗುರು ತಾನೇ ಶಿಷ್ಯನಾಗಿ, ಇದ್ದಲ್ಲಿಯೇ ಗಣವನ್ನು ಪರಗಣವನ್ನಾಗಿ ಮಾಡಿಕೊಂಡಂತಾಯಿತು. ವಿದ್ಯಾಸಾಗರರೂ ೨೦೨೪ರ ಫೆಬ್ರವರಿಯಲ್ಲಿ ಡೊಂಗರಗಢದಲ್ಲಿ ದೇಹತ್ಯಾಗಕ್ಕೆ ಮುನ್ನ ಆಚಾರ್ಯಪದವನ್ನು ಬಿಟ್ಟಿದ್ದರು. ಆ ಪದಕ್ಕೆ ಸಮಯಸಾಗರರು ಬಂದರು.

೫

ವಸ್ತ್ರದ ಜಾಗದಲ್ಲಿ ದಿಗಂಬರರಿಗೆ ಪಿಂಛವಿದೆಯಲ್ಲ ಎಂಬ ಆಕ್ಷೇಪವನ್ನು ವಿಚಾರಿಸಬೇಕು. ಅಚೇಲತ್ವ, ಲೋಚ, ದೇಹದ ಸಂಸ್ಕಾರವನ್ನು ಬಿಡುವುದು, ಪ್ರತಿಲೇಖನ ಎಂಬ ನಾಲ್ಕು ಲಿಂಗಗಳಲ್ಲಿ ಕಣ್ಣಿಗೆ ಕಾಣುವ ವಸ್ತುವೆಂದರೆ ಕೊನೆಯದೊಂದೇ. ಶ್ರವಣಬೆಳಗೊಳದ ೧೨ನೆಯ ಶತಮಾನದ ಶಾಸನಗಳಲ್ಲಿ ಬರುವ ಗುರುಪರಂಪರೆಯಲ್ಲಿ ಉಮಾಸ್ವಾತಿಗಳಿಗೆ ಗೃಧ್ರಪಿಂಛರೆಂದೂ, ಅವರ ಶಿಷ್ಯರಿಗೆ ಬಲಾಕಪಿಂಛರೆಂದೂ ಹೆಸರಿದೆ. ಹದ್ದಿನ ಗರಿಯ ಗುರುವಿಗೆ ಬೆಳ್ಳಕ್ಕಿಯ ಗರಿಯ ಶಿಷ್ಯ. ಹೆಸರುಗಳೇ ಗುರುಶಿಷ್ಯ ಸಂಬಂಧವನ್ನು ಸಾರುತ್ತವೆ. ಇಷ್ಟಾದರೂ ಗುರುವಿನ ಗರಿ ಶಿಷ್ಯನಿಗೆ ಬಂದಿಲ್ಲ, ಇಬ್ಬರ ಗರಿಯೂ ಬೇರೆ ಬೇರೆ ಎಂಬುದನ್ನು ಗಮನಿಸಬೇಕು.

ಮೂಲಾಚಾರವು ಪ್ರತಿಲೇಖನಕ್ಕೆ ಐದು ಗುಣಗಳನ್ನು ಹೇಳುತ್ತದೆ: ಧೂಳು ಹಿಡಿಯದಿರುವುದು, ಬೆವರು ಹಿಡಿಯದಿರುವುದು, ಮೃದುತ್ವ, ಸೌಕುಮಾರ್ಯ, ಲಘುತ್ವ. ಹತ್ತಿದುದನ್ನು ಉಳಿಸಿಕೊಳ್ಳದಿರುವುದೇ ಮೊದಲ ಎರಡು ಗುಣಗಳ ತಿರುಳು. ಧರಿಸಿದವನ ಬೆವರನ್ನು ಹೀರಿಕೊಳ್ಳುವುದರಿಂದಲೇ ಪ್ರವಾದಿಯ ಹೊದಿಕೆ ಪವಿತ್ರವಾಯಿತು. ಹೀರಿಕೊಳ್ಳದಿರುವುದರಿಂದ ಪಿಂಛವು ಯೋಗ್ಯವಾಯಿತು. ಮೇಲಾಗಿ ಅದು ಎಲ್ಲ ಮುನಿಗಳಿಗೂ ಸಮಾನ. ಜೀವದಯೆಯ ಉಪಕರಣವಾದ ಅದು ಆಚಾರ್ಯನನ್ನು ಬೇರ್ಪಡಿಸಿ ತೋರಿಸಲಾರದು. ಪ್ರವಚನಸಾರದ ಚಾರಿತ್ರಾಧಿಕಾರದಲ್ಲಿ ಕುಂದಕುಂದಾಚಾರ್ಯರು ಜಿನಮಾರ್ಗದ ಉಪಕರಣಗಳನ್ನು ಎಣಿಸುವಾಗ ಯಥಾಜಾತರೂಪವನ್ನೂ, ಗುರುವಿನ ವಚನವನ್ನೂ, ವಿನಯವನ್ನೂ, ಸೂತ್ರಾಧ್ಯಯನವನ್ನೂ ಹೇಳುತ್ತಾರೆ. ಈ ನಾಲ್ಕರಲ್ಲಿ ಕೈಯಿಂದ ಕೈಗೆ ದಾಟಿಸುವ ವಸ್ತು ಒಂದೂ ಇಲ್ಲ.

೬

ಈಗ ಭಟ್ಟಾರಕರ ವಿಷಯಕ್ಕೆ ಬರೋಣ. ವಸ್ತ್ರವು ಇಲ್ಲಿ ಹೇಗೆ ಪ್ರವೇಶಿಸಿತೆಂಬುದನ್ನು ೧೬ನೆಯ ಶತಮಾನದ ಶ್ರುತಸಾಗರಸೂರಿಗಳು ಷಟ್ಪ್ರಾಭೃತದ ಟೀಕೆಯಲ್ಲಿ ದಾಖಲಿಸಿದ್ದಾರೆ. ನಗ್ನಮುನಿಗಳನ್ನು ಕಂಡು ಮ್ಲೇಚ್ಛಾದಿಗಳು ಉಪದ್ರವ ಕೊಡುತ್ತಿದ್ದುದರಿಂದ, ಮಂಡಪದುರ್ಗದಲ್ಲಿ ವಸಂತಕೀರ್ತಿಗಳು ಚರ್ಯೆಯ ವೇಳೆಯಲ್ಲಿ ಚಾಪೆಯನ್ನೋ ಹೊದಿಕೆಯನ್ನೋ ಮರೆಯಾಗಿಸಿಕೊಂಡು, ಚರ್ಯೆ ಮುಗಿದೊಡನೆ ಬಿಟ್ಟುಬಿಡುವಂತೆ ಉಪದೇಶಿಸಿದರೆಂದೂ, ಇದು ಅಪವಾದವೇಷವೆಂದೂ ಅಲ್ಲಿ ಹೇಳಿದೆ. ವಸಂತಕೀರ್ತಿಗಳ ಕಾಲ ೧೩ನೆಯ ಶತಮಾನ. ಇಲ್ಲಿಯೂ ವಸ್ತ್ರದ ಕಾರಣ ಹೊರಗಿನದು, ಅದೂ ಭಯ. ಉತ್ತರದ ಪೀಠಗಳ ದೀಕ್ಷಾವಿಧಿಯಲ್ಲಿ ಭಟ್ಟಾರಕನಾಗುವವನು ಮೊದಲು ವಸ್ತ್ರವನ್ನೆಲ್ಲ ತೆಗೆದು ಮುನಿರೂಪವನ್ನು ತಾಳಿ, ಆಮೇಲೆ ಸಮಾಜದ ಮುಖ್ಯರು ಪ್ರಾರ್ಥಿಸಲಾಗಿ ವಸ್ತ್ರವನ್ನು ಸ್ವೀಕರಿಸುವ ಪದ್ಧತಿಯಿತ್ತು. ಈ ವಿಧಿಯ ಅರ್ಥ ಸ್ಪಷ್ಟ. ಪದಕ್ಕೆ ಯೋಗ್ಯನಾಗುವುದು ವಸ್ತ್ರವಿಲ್ಲದ ಆ ಕ್ಷಣದಲ್ಲಿ. ವಸ್ತ್ರವು ಬರುವುದು ಗೃಹಸ್ಥರ ಬೇಡಿಕೆಯಿಂದ. ಹರಿಷೇಣರ ಕಥೆಯ ಶ್ರಾವಕರು ಬೇಡಿದಂತೆಯೇ ಇವರೂ ಬೇಡುತ್ತಾರೆ.

ಹೀಗಿರುವಲ್ಲಿ ಭಟ್ಟಾರಕರ ವಸ್ತ್ರವನ್ನು ಅಧಿಕಾರದ ಚಿಹ್ನೆಯೆಂದು ಓದುವುದು ಗ್ರಂಥಕ್ಕೂ ವಿಧಿಗೂ ವಿರುದ್ಧ. ಅದು ಕಾಲದೋಷದಿಂದ ಒಪ್ಪಿಕೊಂಡ ಒಂದು ಕೊರತೆಯ ನಿವೇದನೆ. ಅದನ್ನು ಹಾಗೆ ಓದುವುದರಿಂದ ಪೀಠಗಳ ಗೌರವಕ್ಕೆ ಕುಂದೇನೂ ಬಾರದು. ಮೂಡುಬಿದಿರೆಯಲ್ಲಿ ಧವಲಾದಿ ಸಿದ್ಧಾಂತಗ್ರಂಥಗಳ ತಾಳೆಯೋಲೆಗಳು ಶತಮಾನಗಳ ಕಾಲ ಉಳಿದುಬಂದುದು ಮಠದ ಆಶ್ರಯದಿಂದ. ವಸ್ತ್ರದ ಅಪವಾದವನ್ನು ಹೊತ್ತುಕೊಂಡವರು ಶ್ರುತದ ಉತ್ಸರ್ಗವನ್ನು ಕಾಯ್ದರೆಂದು ಹೇಳಬಹುದು. ಕರ್ನಾಟಕದ ಪೀಠಗಳಲ್ಲಿ ಪೀಳಿಗೆಯಿಂದ ಪೀಳಿಗೆಗೆ ಸಾಗುವುದು ಹೆಸರು: ಶ್ರವಣಬೆಳಗೊಳ ಮೂಡುಬಿದಿರೆಗಳಲ್ಲಿ ಚಾರುಕೀರ್ತಿ, ಕಾರ್ಕಳದಲ್ಲಿ ಲಲಿತಕೀರ್ತಿ, ಹೊಂಬುಜದಲ್ಲಿ ದೇವೇಂದ್ರಕೀರ್ತಿ. ೧೯೭೦ರಿಂದ ಬೆಳಗೊಳದ ಪೀಠದಲ್ಲಿದ್ದ ಸ್ವಾಮಿಗಳು ೨೦೨೩ರ ಮಾರ್ಚಿಯಲ್ಲಿ ದೇಹಬಿಟ್ಟ ಮೇಲೆ ಬಂದವರೂ ಅಭಿನವ ಚಾರುಕೀರ್ತಿಗಳೆಂದೇ ಕರೆಯಲ್ಪಟ್ಟರು.

ವಸ್ತ್ರದ ಸಂಕೇತವು ನಮ್ಮಲ್ಲಿ ನಿಜವಾಗಿ ನುಸುಳಿದ್ದು ಉಡುಗೆಯ ಮೂಲಕವಲ್ಲ, ಒಂದು ಪದದ ಮೂಲಕ. ಅದು ‘ಪಟ್ಟ’. ಸಂಸ್ಕೃತದಲ್ಲಿ ಪಟ್ಟವೆಂದರೆ ಹಲಗೆ, ಪೀಠ, ರೇಷ್ಮೆಯ ಬಟ್ಟೆ, ಹಣೆಗೆ ಕಟ್ಟುವ ಪಟ್ಟಿ ಎಂದೆಲ್ಲ ಅರ್ಥಗಳಿವೆ. ರಾಜರ ಹಣೆಯ ಚಿನ್ನದ ಪಟ್ಟಕ್ಕಾಗಿ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಒಂದು ಅಧ್ಯಾಯವನ್ನೇ ಬರೆದಿದ್ದಾನೆ. ಕನ್ನಡದಲ್ಲಿ ರಾಜ್ಯವನ್ನು ಒಪ್ಪಿಸುವುದಕ್ಕೆ ‘ಪಟ್ಟಂಗಟ್ಟು’ ಎಂಬುದೇ ಮಾತು. ಗುರುಪರಂಪರೆಯನ್ನು ಪಟ್ಟಾವಳಿಯೆಂದೂ ಗುರುವಿನ ಪ್ರತಿಷ್ಠೆಯನ್ನು ಪಟ್ಟಾಭಿಷೇಕವೆಂದೂ ಕರೆಯತೊಡಗಿದಾಗ ಅರಮನೆಯ ಭಾಷೆ ಗಣದೊಳಗೆ ಬಂದಂತಾಯಿತು. ಛತ್ರ ಚಾಮರ ಪಲ್ಲಕ್ಕಿಗಳು ಅದರ ಹಿಂದೆ ಬಂದವು. ಪ್ರಾಚೀನ ಕಥೆಗಳಲ್ಲಿ ರಾಜನ ಕೈಯಿಂದ ಬಂದ ವಸ್ತ್ರವು ಹೀಗೆ ಶಬ್ದರೂಪದಲ್ಲಿ ಮತ್ತೆ ಬಂದಿತು. ಶಿವಾರ್ಯರ ದಿಕ್ಕು ತೋರಿಸುವಂಥದು, ಪಟ್ಟವು ಕಟ್ಟುವಂಥದು. ನಿರ್ಗ್ರಂಥನೆಂದರೆ ಗಂಟಿಲ್ಲದವನು, ಅವನ ಉತ್ತರಾಧಿಕಾರಕ್ಕೆ ಕಟ್ಟುವ ಕ್ರಿಯೆಯು ಹೆಸರಾದುದನ್ನು ನಾವು ಗಮನಿಸದೆ ಬಂದಿದ್ದೇವೆ. ಹಸ್ತಪ್ರತಿಗಳ ಪ್ರಶಸ್ತಿಗಳನ್ನು ಸಂಪಾದಿಸುವವರು ‘ಪಟ್ಟ’ ಶಬ್ದವು ಯಾವ ಗಣದಲ್ಲಿ ಯಾವ ಕಾಲದಿಂದ ಬಳಕೆಗೆ ಬಂದಿತೆಂಬುದನ್ನು ಗುರುತು ಹಾಕಿದರೆ ಈ ಮಾರ್ಪಾಟಿನ ಚರಿತ್ರೆ ತಿಳಿಯುತ್ತದೆ.

೭

ಭಗವತೀ ಆರಾಧನೆಯಲ್ಲಿ ಉಡುಗೆಯ ಸಂಕೇತವೇ ಇಲ್ಲವೆ? ಒಂದಿದೆ, ಮತ್ತು ಅದು ಕನ್ನಡಕ್ಕೆ ತುಂಬ ಸಮೀಪದ್ದು. ಪದವನ್ನು ಬಿಟ್ಟು ಪರಗಣಕ್ಕೆ ಬಂದು ಕ್ಷಪಕನಾದ ಆಚಾರ್ಯನು ಹಸಿವು ಬಾಯಾರಿಕೆಗಳಿಂದ ಕುಗ್ಗಿದಾಗ, ನಿರ್ಯಾಪಕನು ಹಿಂದಿನ ಮಹಾಪುರುಷರು ಉಪಸರ್ಗಗಳನ್ನು ಸಹಿಸಿದ ನಿದರ್ಶನಗಳನ್ನು ಹೇಳಿ ಧೈರ್ಯ ತುಂಬುತ್ತಾನೆ. ಆ ಅಧಿಕಾರದ ಹೆಸರು ‘ಕವಚ’. ಹಳಗನ್ನಡದ ವಡ್ಡಾರಾಧನೆಯ ೧೯ ಕಥೆಗಳು ಈ ಅಧಿಕಾರದ ಗಾಹೆಗಳನ್ನು ಆಧರಿಸಿದವು. ಅದರ ಹಸ್ತಪ್ರತಿಯ ಸಮಾಪ್ತಿವಾಕ್ಯವೂ ಈ ಕಥೆಗಳನ್ನು ವಡ್ಡಾರಾಧನೆಯ ಕವಚವೆಂದೇ ಕರೆಯುತ್ತದೆ. ಆ ವಾಕ್ಯವನ್ನು ಗ್ರಂಥನಾಮದ ಚರ್ಚೆಗೆ ಮಾತ್ರ ಬಳಸಿಕೊಂಡು, ಕವಚವೆಂಬ ಪದದ ಅರ್ಥವನ್ನು ನಾವು ಅಷ್ಟಾಗಿ ಚಿಂತಿಸಲಿಲ್ಲ. ಕೊಡಬಹುದಾದುದನ್ನೆಲ್ಲ ಕೊಟ್ಟು, ಬಿಡಬಹುದಾದುದನ್ನೆಲ್ಲ ಬಿಟ್ಟ ಮುನಿಗೆ ಸಂಘವು ಕೊನೆಯಲ್ಲಿ ತೊಡಿಸುವ ಉಡುಗೆ ಕಥೆಗಳದು. ಗುರುವು ಗಣಕ್ಕೆ ದಿಕ್ಕನ್ನು ಕೊಡುತ್ತಾನೆ. ಗುರುವಿಗೆ ಗಣವು ಕವಚವನ್ನು ಕೊಡುತ್ತದೆ. ಎರಡೂ ಮಾತಿನಿಂದಲೇ ಆದವು.

ಮಾತೇ ದಾಟಿಸುವ ವಸ್ತುವಾದಾಗ ಅದರ ಅಕ್ಷರ ಶುದ್ಧವಾಗಿರಬೇಕು. ಧವಲಾ ಟೀಕೆಯ ಪೀಠಿಕೆಯಲ್ಲಿ ಬರುವ ಧರಸೇನಾಚಾರ್ಯರ ಪ್ರಸಂಗವನ್ನು ಇಲ್ಲಿ ನೆನೆಯಬೇಕು. ಗಿರಿನಗರದ ಚಂದ್ರಗುಹೆಯಲ್ಲಿದ್ದ ಆಚಾರ್ಯರು ಶ್ರುತವು ಕಡಿದುಹೋದೀತೆಂಬ ಅಳುಕಿನಿಂದ ದಕ್ಷಿಣಾಪಥದ ಆಚಾರ್ಯರಿಗೆ ಹೇಳಿಕಳಿಸಿ ಇಬ್ಬರು ಮುನಿಗಳನ್ನು ಕರೆಸಿಕೊಂಡರು. ಪರೀಕ್ಷೆಗಾಗಿ ಒಬ್ಬರಿಗೆ ಒಂದಕ್ಷರ ಹೆಚ್ಚಾದ, ಇನ್ನೊಬ್ಬರಿಗೆ ಒಂದಕ್ಷರ ಕಡಿಮೆಯಾದ ವಿದ್ಯೆಗಳನ್ನು ಕೊಟ್ಟರು. ಸಾಧನೆ ಮಾಡಿದಾಗ ಕಂಡ ದೇವತೆಗಳಲ್ಲಿ ಒಬ್ಬಳ ಹಲ್ಲು ಮುಂದೆ ಚಾಚಿತ್ತು, ಒಬ್ಬಳಿಗೆ ಒಂದೇ ಕಣ್ಣಿತ್ತು. ದೇವತೆಗಳಿಗೆ ವಿಕಾರವಿರಲಾರದೆಂದು ಯೋಚಿಸಿ ಇಬ್ಬರೂ ಮಂತ್ರಗಳ ಅಕ್ಷರಗಳನ್ನು ತಿದ್ದಿಕೊಂಡರು. ಧರಸೇನರು ಒಪ್ಪಿ ಅವರಿಗೆ ಸಿದ್ಧಾಂತವನ್ನು ಪಾಠ ಹೇಳಿದರು. ಅವರೇ ಷಟ್ಖಂಡಾಗಮದ ಪುಷ್ಪದಂತ ಭೂತಬಲಿಗಳು. ಉತ್ತರಾಧಿಕಾರಿಯನ್ನು ಆರಿಸಿದ ಈ ಪರೀಕ್ಷೆಯು ಪಾಠಪರಿಷ್ಕರಣದ ಪರೀಕ್ಷೆಯೆಂಬುದನ್ನು ಹಸ್ತಪ್ರತಿಗಳ ಕೆಲಸದಲ್ಲಿರುವವರು ಮರೆಯಬಾರದು. ಹೆಚ್ಚಾದುದನ್ನು ತೆಗೆಯುವುದು, ಬಿಟ್ಟುಹೋದುದನ್ನು ತುಂಬುವುದು: ಇದನ್ನು ಬಲ್ಲವನಿಗೆ ಶ್ರುತವು ಸಲ್ಲುತ್ತದೆ.

ಶ್ರುತಪಂಚಮಿಯ ದಿನ ಬಸದಿಗಳಲ್ಲಿ ಓಲೆಯ ಕಟ್ಟುಗಳನ್ನು ಬಿಚ್ಚಿ, ಧೂಳು ಒರೆಸಿ, ಹೊಸ ಬಟ್ಟೆ ಸುತ್ತಿಡುವ ರೂಢಿಯಿದೆ. ವಸ್ತ್ರವನ್ನು ಮೈಯಿಂದ ದೂರವಿಟ್ಟ ಪರಂಪರೆಯು ಅದನ್ನು ಭಕ್ತಿಯಿಂದ ಸುತ್ತಿದ್ದು ಗ್ರಂಥಕ್ಕೆ. ನಮ್ಮಲ್ಲಿ ತಲೆಮಾರಿನಿಂದ ತಲೆಮಾರಿಗೆ ಬಂದ ವಸ್ತ್ರವೆಂದರೆ ಇದೊಂದೇ. ಇದನ್ನೂ ವರ್ಷಕ್ಕೊಮ್ಮೆ ಬಿಚ್ಚಬೇಕು. ಬಿಚ್ಚದೆ ಪೂಜಿಸಿದ ಕಟ್ಟುಗಳು ಎಷ್ಟೋ ಭಂಡಾರಗಳಲ್ಲಿ ಹುಳು ಹಿಡಿದು ಪುಡಿಯಾಗಿವೆ. ಬಟ್ಟೆಗೆ ಕೈಮುಗಿದು ಓಲೆಯನ್ನು ಮರೆಯುವುದು ಅಂಬರವನ್ನು ಹಿಡಿದು ದಿಕ್ಕನ್ನು ಬಿಟ್ಟಂತೆ. ಈ ವಿಷಯದಲ್ಲಿ ಬಲ್ಲವರು ಇನ್ನಷ್ಟು ಆಕರಗಳನ್ನು ಎತ್ತಿ ತೋರಿಸಿ, ಇಲ್ಲಿ ತಪ್ಪಿದ್ದರೆ ತಿದ್ದಬೇಕೆಂದು ವಿನಂತಿ.